ಉಕ್ಕಿನ ಸ್ಕೇಲು

ಮಧ್ಯಾಹ್ನ ಹನ್ನೆರಡಾಗಿತ್ತು. ಗಂಗೂಬಾಯಿಯ ಕುಕ್ಕರಿನಲ್ಲಿ ಬೇಳೆ ಇರಲಿಲ್ಲ, ಬರೀ ನೀರು ಕುದಿಯುತ್ತಿತ್ತು. ಅದರ ಸೀಟಿ ಕಿತ್ತು, ಆ ಜಾಗಕ್ಕೆ ರಬ್ಬರ್ ನಳಿಕೆ ಸಿಕ್ಕಿಸಿ, ನಳಿಕೆಯ ಇನ್ನೊಂದು ತುದಿಯನ್ನು ಉದ್ದನೆಯ ಪ್ಲಾಸ್ಟಿಕ್ ಪೈಪಿಗೆ ಜೋಡಿಸಿದವನು ಆಕೆಯ ಗಂಡ ಹನುಮಂತ. ಪೈಪಿನೊಳಗೆ ತೇಗದ ತೆಳು ಪಟ್ಟಿಗಳು ಹಬೆ ಕುಡಿಯುತ್ತಿದ್ದವು. ಹೀಗೆ ಮೆತ್ತಗಾದ ಪಟ್ಟಿಯನ್ನು ಬಿಸಿ ಇರುವಾಗಲೇ ಹಡಗಿನ ಪಕ್ಕೆಗೆ ಬಾಗಿಸಿ ಅಂಟಿಸಬೇಕು. ಹೊರಗೆ ಏಪ್ರಿಲ್ ಬಿಸಿಲು, ಒಳಗೆ ಈ ಹಬೆ. ಸನತ್‌ನಗರದ ಆ ಎರಡು ಕೋಣೆಯ ಮನೆಯಲ್ಲಿ ಮನುಷ್ಯರೂ ಬಾಗುವಷ್ಟು ಮೆತ್ತಗಾಗಿದ್ದರು.

"ಗಂಗೂ, ಬಾ, ಹಿಡಿ!" ಹನುಮಂತ ಹೊರಗಿನ ಕೋಣೆಯಿಂದ ಕೂಗಿದ.

"ಪಲ್ಯಕ್ಕ ಒಗ್ಗರಣಿ ಹಾಕಿ ಬರ್ತೀನ್ರೀ."

"ಒಗ್ಗರಣಿ ಎಲ್ಲಿಗೂ ಓಡಿ ಹೋಗೂದಿಲ್ಲ. ಪಟ್ಟಿ ಆರತೈತಿ."

ಗಂಗೂಬಾಯಿ ಒಲೆ ಸಣ್ಣ ಮಾಡಿ, ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು. ಊಟದ ಮೇಜಿನ ಮೇಲೆ ನಾಲ್ಕಡಿ ಉದ್ದದ ಹಡಗು ಅರ್ಧ ಮೈ ತೆರೆದುಕೊಂಡು ಕೂತಿತ್ತು. ಹನುಮಂತ ಪಟ್ಟಿಯನ್ನು ಬಾಗಿಸಿ ಕೂರಿಸಿದ. ಆಕೆ ಎರಡೂ ಹೆಬ್ಬೆರಳು ಒತ್ತಿ ಹಿಡಿದು ನಿಂತಳು. ಅಂಟು ಕಚ್ಚುವವರೆಗೆ ಕಾಲು ಗಂಟೆ ಅಲುಗುವಂತಿಲ್ಲ. ದಿನಕ್ಕೆ ಎಂಟು ಹತ್ತು ಪಟ್ಟಿ. ಫೆಬ್ರವರಿಯಿಂದ ಇದೇ ನಡೆದಿತ್ತು.

ಸೊಸೆ ಪ್ರಾಜಕ್ತಾಳಿಗೆ ಆ ದಿನ ಮನೆಯಿಂದಲೇ ಆಫೀಸಿನ ಕೆಲಸ. ನೀರು ತುಂಬಿಕೊಳ್ಳಲು ಬಾಟಲಿ ಹಿಡಿದು ಹೊರಗೆ ಬಂದವಳು ಅತ್ತೆಯನ್ನು ನೋಡಿ ನಿಂತಳು.

"ಮಾವಾರ, ಬಟ್ಟಿ ಕ್ಲಿಪ್ ಹಾಕಿದ್ರ ಆಗೂದಿಲ್ಲೇನ್ರಿ? ಅತ್ತಿ ಎಷ್ಟೊತ್ತಂತ ಹಿಂಗ ನಿಲ್ಲಬೇಕು?"

"ಕ್ಲಿಪ್ ಹಾಕಿದ್ರ ಗುರುತು ಬೀಳತೈತಿ," ಎಂದ ಹನುಮಂತ, ತಲೆ ಎತ್ತದೆ. "ಎಷ್ಟು ಒತ್ತಬೇಕಂತ ಬೆರಳಿಗೆ ಗೊತ್ತಾಗತೈತಿ. ಕ್ಲಿಪ್ಪಿಗೇನು ಗೊತ್ತು?"

ಬೆರಳು ಯಾರದ್ದು ಎಂದು ಯಾರೂ ಕೇಳಲಿಲ್ಲ.

ಈ ಹಡಗು ಮನೆಗೆ ಬಂದದ್ದು ಮಗನಿಂದ. ಆಶಿಷ್ ಜೀಡಿಮೆಟ್ಲಾದ ಒಂದು ಔಷಧಿ ಕಾರ್ಖಾನೆಯ ಲ್ಯಾಬಿನಲ್ಲಿ ಕೆಲಸಕ್ಕಿದ್ದ. ಅವನ ಮೇಲಿನ ಸಾಹೇಬ ಸೀತಾರಾಮ ಕೊಂಡಾಪುರದಲ್ಲಿ ಫ್ಲ್ಯಾಟ್ ಕೊಂಡು, ನಡುಮನೆಯ ಗೋಡೆಯಲ್ಲಿ ಗಾಜಿನ ಬಾಗಿಲಿನ ದೊಡ್ಡದೊಂದು ಗೂಡು ಮಾಡಿಸಿದ್ದರು. ಅದರೊಳಗೆ ಇನ್ನೂರು ವರ್ಷದ ಹಿಂದಿನ ಮೂರು ಕಂಬದ ಹಾಯಿಹಡಗಿನ ಮಾದರಿ ಇಡಬೇಕೆಂಬುದು ಅವರ ಆಸೆ. "ನಮ್ಮಪ್ಪ ಮಾಡತಾರ ಸಾರ್" ಎಂದು ಆಶಿಷ್ ಬಾಯಿಬಿಟ್ಟ. ಆ ವರ್ಷ ಅವನ ಬಡ್ತಿಯ ಮಾತು ಬೇರೆ ನಡೆದಿತ್ತು. ನಿವೃತ್ತಿಯಾಗಿ ಒಂಬತ್ತು ವರ್ಷ ಪೇಪರು ಓದುತ್ತ, ನಲ್ಲಿ ಸೋರುತ್ತದೆಯೇ ಎಂದು ದಿನಕ್ಕೆ ಮೂರು ಸಲ ನೋಡುತ್ತ ಕೂತಿದ್ದ ಹನುಮಂತ, ಈ ಮಾತು ಕೇಳಿ ಮದುಮಗನ ಹಾಗೆ ಎದ್ದು ನಿಂತ. ಆ ಮನೆಯಲ್ಲಿ ಸಮುದ್ರ ನೋಡಿದವರು ಮಗ ಸೊಸೆ ಇಬ್ಬರೇ, ಅದೂ ಮದುವೆಯಾದ ಹೊಸದರಲ್ಲಿ ಗೋವಾದಲ್ಲಿ ನಾಲ್ಕು ದಿನ.

ಕೈಯಲ್ಲಿ ವಿದ್ಯೆಯಿತ್ತು, ಅದು ಸುಳ್ಳಲ್ಲ. ಹನುಮಂತ ಉಕ್ಕಿನ ಎರಕದ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಮರದ ಅಚ್ಚು ಮಾಡಿದವನು. ಮೊದಲು ಮರದಲ್ಲಿ ಅಚ್ಚು, ಅಚ್ಚಿನಿಂದ ಮರಳಿನಲ್ಲಿ ಗುಳಿ, ಗುಳಿಗೆ ಕಾದ ಉಕ್ಕು. ಉಕ್ಕು ಆರುವಾಗ ನೂರಕ್ಕೆ ಎರಡರಷ್ಟು ಕುಗ್ಗುತ್ತದೆ. ಹಾಗಾಗಿ ಅಚ್ಚು ಅಷ್ಟು ದೊಡ್ಡದೇ ಇರಬೇಕು. ಪ್ರತಿ ಸಲ ಲೆಕ್ಕ ಹಾಕುವ ಗೋಜು ಬೇಡವೆಂದು ಅಚ್ಚಿನವರ ಹತ್ತಿರ ಬೇರೆಯೇ ಸ್ಕೇಲು ಇರುತ್ತದೆ. ನೋಡಲು ಮಾಮೂಲಿ ಸ್ಕೇಲಿನಂತೆಯೇ ಇದ್ದರೂ ಅದರ ಒಂದೊಂದು ಇಂಚೂ ಕೂದಲೆಳೆಯಷ್ಟು ಹೆಚ್ಚು ಉದ್ದ. ಆ ಮನೆಯಲ್ಲಿ ಅದರ ಹೆಸರು ಉಕ್ಕಿನ ಸ್ಕೇಲು.

ಗಂಗೂಬಾಯಿಗೆ ಆ ಸ್ಕೇಲಿನ ಪರಿಚಯ ಚೆನ್ನಾಗಿತ್ತು. ಮದುವೆಯಾದ ವರ್ಷ, ಅಡಿಗೆಮನೆಯ ಗೂಡಿಗೆ ಕೂರಿಸಲು ಹನುಮಂತ ಡಬ್ಬಿ ಇಡುವ ಕಪಾಟು ಮಾಡಿದ್ದ. ಕೈ ರೂಢಿಯಲ್ಲಿ ಉಕ್ಕಿನ ಸ್ಕೇಲಿನಲ್ಲೇ ಅಳೆದಿದ್ದ. ಕಪಾಟು ಗೂಡಿನೊಳಗೆ ಹೋಗಲೇ ಇಲ್ಲ. ಆಗ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಆ ಕಪಾಟು ಇವತ್ತಿಗೂ ಬಾಗಿಲ ಬಳಿ ಚಪ್ಪಲಿ ಇಡುವ ಸ್ಟ್ಯಾಂಡ್ ಆಗಿ ನಿಂತಿದೆ.

ಆದ್ದರಿಂದ ಫೆಬ್ರವರಿಯ ಮೊದಲ ವಾರವೇ ಆಕೆಗೆ ಅನುಮಾನ ಬಂದಿತ್ತು. "ಟ್ರಂಕಿನ್ಯಾಗಿನ ಸ್ಕೇಲು ತಾ" ಎಂದು ಹನುಮಂತ ಅಂದಿದ್ದ, ಅಲ್ಲಿದ್ದ ಎರಡರಲ್ಲಿ ಮೇಲಿದ್ದದ್ದನ್ನು ಆಕೆ ತಂದುಕೊಟ್ಟಿದ್ದಳು. ಅವನು ನಕ್ಷೆಯ ಅಂಕಿ ನೋಡಿ ಮರದ ಮೇಲೆ ಗೆರೆ ಎಳೆಯತೊಡಗಿದಾಗ ಕೇಳಿದ್ದಳು.

"ರೀ, ಇದು ಉಕ್ಕಿನ ಸ್ಕೇಲ್ ಅಲ್ಲೇನ್ರೀ?"

"ಮೂವತ್ತೊಂದು ವರ್ಷ ಸ್ಕೇಲ್ ಹಿಡದಾಂವ ನಾನೋ ನೀನೋ?"

"ಹಂಗಲ್ಲ, ಒಮ್ಮೆ ನೋಡ್ರಿ ಅಂದೆ."

"ನೀ ನಿನ್ನ ಕೆಲಸ ನೋಡು. ಗಟ್ಟಿ ಹಿಡಿ."

ಗಂಗೂಬಾಯಿ ಗಟ್ಟಿ ಹಿಡಿದಳು. ಮತ್ತೆ ಕೇಳಲಿಲ್ಲ.

ಆ ಏಪ್ರಿಲ್ ಮಧ್ಯಾಹ್ನ ಆಕೆಯ ಎರಡೂ ಕೈ ಹಡಗಿನ ಮೇಲಿರುವಾಗಲೇ ಫೋನು ಬಂತು. ಪ್ರಾಜಕ್ತಾ ಎತ್ತಿ ಸ್ಪೀಕರ್ ಹಾಕಿದಳು. ರಾಯಚೂರಿನಿಂದ ತಂಗಿ ಉಮಾಬಾಯಿ. ಮದುವೆಯಾಗದೆ ಒಬ್ಬಳೇ ಉಳಿದ ನಿವೃತ್ತ ಟೀಚರು.

"ಅಕ್ಕಾ, ಹದಿನೆಂಟಕ್ಕ ಕಣ್ಣಿನ ಆಪರೇಷನ್ ಅಂದಾರ. ಬಲಗಣ್ಣು ಪೂರಾ ಮಂಜಾಗೈತಿ, ಎಡಗಣ್ಣೂ ಅಷ್ಟಕ್ಕಷ್ಟೇ. ಆಮ್ಯಾಲ ಹದಿನೈದು ದಿನ ಒಲಿ ಮುಂದ ನಿಲ್ಲಬಾರದಂತ, ದಿನಕ್ಕ ಆರು ಸಲ ಹನಿ ಹಾಕಬೇಕಂತ. ನೀ ಬರ್ತಿ ಅಲ್ಲಾ?"

"ಬರ್ತೀನಿ. ನಾ ಬರದೇ ಯಾರು ಬರ್ತಾರ?"

ಫೋನು ಇಟ್ಟಮೇಲೆ ಹನುಮಂತ ಪಟ್ಟಿಯ ಕಡೆಗೇ ನೋಡುತ್ತ ಹೇಳಿದ: "ಹದಿನೆಂಟಕ್ಕ ಹೆಂಗ ಹೋಗ್ತಿ? ಈ ಮಗ್ಗಲು ಇನ್ನೂ ಅರ್ಧ ಐತಿ."

ರಾತ್ರಿ ಊಟಕ್ಕೆ ಎಲ್ಲರೂ ನೆಲದ ಮೇಲೆ ಕೂತರು. ಮೇಜು ಹಡಗಿನ ಪಾಲಾಗಿ ಎರಡು ತಿಂಗಳ ಮೇಲಾಗಿತ್ತು. ರೊಟ್ಟಿ ಬಡಿಸುತ್ತ ಗಂಗೂಬಾಯಿ ಮಾತು ತೆಗೆದಳು.

"ನಾ ಹದಿನೇಳಕ್ಕ ರಾಯಚೂರಿಗೆ ಹೊಂಟೀನಿ."

"ಅವ್ವಾ, ಒಂದು ತಿಂಗಳು ತಡದ್ರ ಆಗೂದಿಲ್ಲೇನು?" ಎಂದ ಆಶಿಷ್. "ಸಾರ್ ಮನಿ ಗೃಹಪ್ರವೇಶ ಜೂನ್ ಮೊದಲನೇ ವಾರ. ಅಪ್ಪಗ ಒಬ್ಬನ ಕೈಲೆ ಆಗೂದಿಲ್ಲ."

"ನೀ ಹಿಡಿ."

"ನಂದು ಶಿಫ್ಟ್ ಐತಲ್ಲವಾ."

ಗಂಗೂಬಾಯಿ ಸೊಸೆಯ ಕಡೆ ನೋಡಿದಳು. ಈ ಮನೆಯಲ್ಲಿ ತನ್ನ ಪರವಾಗಿ ಮಾತಾಡುವವಳು ಅವಳೊಬ್ಬಳೇ ಎಂದು ಆಕೆಗೆ ಗೊತ್ತಿತ್ತು. ಪ್ರಾಜಕ್ತಾ ರೊಟ್ಟಿ ಮುರಿಯುತ್ತ ಕೂತಳು.

"ಸುಳ್ಳು ಯಾಕ ಹೇಳ್ಲಿ ಅತ್ತಿ," ಎಂದಳು ಕೊನೆಗೆ. "ಈ ತಿಂಗಳು ನನಗೂ ಆಫೀಸಿನ್ಯಾಗ ಉಸಿರಾಡಾಕ ಆಗಾಕತ್ತಿಲ್ಲ. ನೀವು ಹೋದ್ರ ಅಡಗಿ, ಡಬ್ಬಿ, ಎಲ್ಲಾ ನನ್ನ ಮ್ಯಾಲ ಬರತೈತಿ. ಆದ್ರೂ ನೀವು ಹೋಗಬೇಕು ಅನಸ್ತೈತಿ."

"ಅಂದ್ರ ನಾ ಹಡಗು ಹಿಡೀಬೇಕು, ನೀವೆಲ್ಲಾ ಕೂಡಿ ನನ್ನ ಹಿಡೀಬೇಕು. ಹೌದಿಲ್ಲೋ?"

ಹನುಮಂತ ಇನ್ನೊಂದು ರೊಟ್ಟಿ ಕೇಳಿದ.

ಮರುದಿನ ಗಂಗೂಬಾಯಿ ತಂಗಿಗೆ ಫೋನು ಮಾಡಿ ತನಗೆ ಜ್ವರ ಎಂದು ಸುಳ್ಳು ಹೇಳಿದಳು. "ನಿನ್ನ ಜ್ವರ ಮೊದಲು ನೋಡಿಕೋ ಅಕ್ಕಾ" ಎಂದು ಉಮಾಬಾಯಿ ಆಪರೇಷನ್ನನ್ನು ಮೇ ಇಪ್ಪತ್ತಕ್ಕೆ ಮುಂದೂಡಿದಳು. ಫೋನು ಇಟ್ಟು ಗಂಗೂಬಾಯಿ ಸಿಂಕಿನ ಮುಂದೆ ನಿಂತು ಅತ್ತಳು, ಆಮೇಲೆ ಪಾತ್ರೆ ತೊಳೆದಳು.

ಮೇ ತಿಂಗಳಲ್ಲಿ ಹಡಗಿಗೆ ಕಂಬ ನಿಂತವು, ಹಗ್ಗದ ಕೆಲಸ ಶುರುವಾಯಿತು. ಕಂಬದ ಇಕ್ಕೆಲಕ್ಕೂ ಏಣಿಯ ಹಾಗೆ ದಾರ ಹೆಣೆದು, ದಾರ ದಾರ ಸೇರುವಲ್ಲೆಲ್ಲ ಸಣ್ಣ ಗಂಟು ಹಾಕಬೇಕು. ಹನುಮಂತ ಚಿಮಟ ಹಿಡಿದು ಕೂತ. ಅವನ ಬೆರಳು ನಡುಗುತ್ತಿದ್ದವು. ಒಂದು ವರ್ಷದಿಂದ ನಡುಗುತ್ತಿದ್ದವು. ಮನೆಯವರೆಲ್ಲ ನೋಡಿದ್ದರು, ಯಾರೂ ಆಡಿರಲಿಲ್ಲ. ಮೂರು ಸಲ ದಾರ ಜಾರಿತು. "ಕಣ್ಣು ಸಾಲವಲ್ದು," ಎಂದ.

ಗಂಗೂಬಾಯಿ ಹಡಗಿನ ನಕ್ಷೆಯ ಪುಸ್ತಕದಲ್ಲಿದ್ದ ಚಿತ್ರ ನೋಡಿದಳು. "ಇದು ಮಲ್ಲಿಗಿ ಕಟ್ಟೋ ಗಂಟು ಅಲ್ಲೇನ್ರೀ? ತರ್ರಿ ಇಲ್ಲೆ."

ಅದೇ ಗಂಟು. ಚಿಕ್ಕಂದಿನಿಂದ ಮೊಳಗಟ್ಟಲೆ ಹೂ ಕಟ್ಟಿದ ಕೈ ಸರಸರ ಓಡಿತು. ಮೊದಲ ಎರಡು ಮೂರು ದಿನ ಆಕೆಗೆ ಅದರಲ್ಲಿ ಖುಷಿಯೂ ಆಯಿತು, ಸುಳ್ಳು ಹೇಳಬಾರದು. ಹನುಮಂತ ಎದುರಿಗೆ ಕೂತು ಬೆರಗಾಗಿ ನೋಡುತ್ತಿದ್ದ. ನಾಲ್ಕನೆಯ ದಿನಕ್ಕೆ ಅದು ಆಕೆಯದೇ ಕೆಲಸವಾಯಿತು. ಐದನೆಯ ದಿನ "ಇವತ್ತು ಯಾಕ ಇಷ್ಟೇ ಆಗೈತಿ?" ಎಂದು ಕೇಳಿದ.

ಹದಿನಾರರಂದು ರಾಯಚೂರಿನಿಂದ ಫೋನು ಬಂತು. ಈ ಸಲ ಮಾತಾಡಿದ್ದು ಉಮಾಬಾಯಿಯ ಪಕ್ಕದ ಮನೆಯ ಸಾಬಣ್ಣ. ಅನ್ನದ ಗಂಜಿ ಬಸಿಯುವಾಗ ಪಾತ್ರೆಯ ಅಂಚು ಕಾಣದೆ ಟೀಚರು ಕಾಲ ಮೇಲೆ ಸುರುವಿಕೊಂಡರಂತೆ. ಗುಳ್ಳೆ ಎದ್ದಿವೆ, ಗಾಬರಿ ಏನಿಲ್ಲ, ಆದರೆ ಕಾಲು ಮಾಯುವ ತನಕ ಕಣ್ಣಿನ ಆಪರೇಷನ್ ಇಲ್ಲ.

"ಅಕಿ ಕಾಲು ಸುಟಗೊಂಡಾಳ್ರೀ!" ಗಂಗೂಬಾಯಿ ಕೈಯಲ್ಲಿದ್ದ ದಾರದುಂಡೆಯನ್ನು ಮೇಜಿನ ಮೇಲೆ ಒಗೆದಳು. "ಹೋದ ತಿಂಗಳ ನಾ ಹೋಗಿದ್ರ ಹಿಂಗ ಆಗತಿರಲಿಲ್ಲ."

"ಓಣ್ಯಾಗ ಮಂದಿ ಇದ್ದಾರಲ್ಲ?"

"ಓಣ್ಯಾಗಿನ ಮಂದಿ ಇದ್ದಾರ. ಅಕ್ಕ ಇಲ್ಲ."

"ಹಂಗಾರ ಹೋಗು! ನಾ ಏನು ನಿನ್ನ ಕಟ್ಟಿ ಹಾಕೀನೇನು? ಗಂಟು ಹಂಗ ಬೀಳ್ಲಿ, ಮಗನ ಮಾತು ಹೋಗ್ಲಿ, ಅಂವಗ ಬಡ್ತಿ ಇಲ್ಲಂದ್ರ ಇಲ್ಲ. ಹೋಗು."

ಹೋಗು ಎನ್ನುತ್ತಲೇ ಬೀಗ ಹಾಕುವುದು ಕೆಲವರಿಗೆ ಚೆನ್ನಾಗಿ ಬರುತ್ತದೆ. ಗಂಗೂಬಾಯಿ ಹೋಗಲಿಲ್ಲ. ಉರುಳಿಹೋಗಿದ್ದ ದಾರದುಂಡೆಯನ್ನು ಮೇಜಿನ ಕೆಳಗಿಂದ ಹುಡುಕಿ ತೆಗೆದಳು. ಅದನ್ನು ನೋಡಲಾರದೆ ಪ್ರಾಜಕ್ತಾ ಅಲ್ಲೇ ಫೋನು ತೆಗೆದು ಜೂನ್ ಒಂಬತ್ತಕ್ಕೆ ರಾಯಚೂರಿನ ಗಾಡಿಗೆ ಟಿಕೆಟ್ ಮಾಡಿಬಿಟ್ಟಳು. ಉಮಾಬಾಯಿಯ ಆಪರೇಷನ್ ಹತ್ತಕ್ಕೆ ಎಂದು ನಿಶ್ಚಯವಾಯಿತು.

"ಹಡಗು ಆರಕ್ಕ ಹೋಗತೈತಿ. ಒಂಬತ್ತಕ್ಕ ಅತ್ತಿ ಹೋಗತಾರ. ಇನ್ನೇನರ ಐತೇನ್ರಿ ಮಾವಾರ?"

"ಏನಿಲ್ಲ. ನಾನೇ ಸ್ಟೇಷನ್ನಿಗೆ ಬಿಟ್ಟು ಬರ್ತೀನಿ," ಎಂದ ಹನುಮಂತ.

ಜೂನ್ ಆರರಂದು ಹಡಗನ್ನು ಹಾಸಿಗೆಯ ಚಾದರಗಳಲ್ಲಿ ಸುತ್ತಿ, ಬಾಡಿಗೆ ವ್ಯಾನಿನಲ್ಲಿ ಕೊಂಡಾಪುರಕ್ಕೆ ಒಯ್ದರು. ಗಂಗೂಬಾಯಿ ರೇಷ್ಮೆ ಸೀರೆ ಉಟ್ಟು ಜೊತೆಗೆ ಹೋದಳು. ಹನ್ನೊಂದನೆಯ ಮಹಡಿಯಲ್ಲಿ ಚಾದರ ಬಿಚ್ಚಿದಾಗ ಸೀತಾರಾಮ ಎರಡು ಹೆಜ್ಜೆ ಹಿಂದೆ ಸರಿದು ನಿಂತರು. ಅವರ ಹೆಂಡತಿ ಕನ್ನಡಕ ಹಾಕಿಕೊಂಡು ಬಗ್ಗಿ, ಹಗ್ಗದ ಏಣಿ ನೋಡಿದರು.

"ಅಬ್ಬಾ, ಈ ಗಂಟು ಎಲ್ಲಾ ನೀವೇ ಹಾಕಿದ್ದಾ ಅಂಕಲ್?" ಎಂದು ತಮಗೆ ಬರುವಷ್ಟು ಕನ್ನಡದಲ್ಲಿ ಕೇಳಿದರು.

"ಕೈ ಪಳಗೈತ್ರಿ, ಅಷ್ಟೇ," ಎಂದ ಹನುಮಂತ.

ಗಂಗೂಬಾಯಿ ನೆಲದ ಟೈಲ್ಸ್ ನೋಡುತ್ತ ನಿಂತಳು. ಮೂರು ದಿನ ಕಳೆದರೆ ರಾಯಚೂರು ಎಂದು ಮನಸ್ಸಿಗೆ ಹೇಳಿಕೊಂಡಳು.

ತಂದೆ ಮಗ ಸೇರಿ ಹಡಗನ್ನು ಎತ್ತಿ ಗೂಡಿನ ಬಳಿ ತಂದರು. ಹಿಂಭಾಗ ಒಳಗೆ ಹೋಯಿತು. ಮುಂದಿನ ಚೂಪು ಕಂಬ ಚೌಕಟ್ಟಿಗೆ ತಾಗಿತು. ಓರೆ ಮಾಡಿದರು, ತಿರುಗಿಸಿದರು. ನಡುಗಂಬದ ತುದಿ ಮೇಲಿನ ಹಲಗೆಗೆ ಹೊಡೆಯಿತು. ಗೂಡಿನಲ್ಲಿ ಅರ್ಧ ಇಂಚು ಸಡಿಲ ಬಿಡಿಸಿದ್ದರು. ಹಡಗು ಹತ್ತಿರ ಹತ್ತಿರ ಒಂದು ಇಂಚು ಹೆಚ್ಚಿಗೆ ಬೆಳೆದಿತ್ತು.

ಹನುಮಂತ ಟೇಪು ಇಸಿದುಕೊಂಡು ಹಡಗು ಅಳೆದ. ಇನ್ನೊಮ್ಮೆ ಅಳೆದ. ಅವನ ಮುಖದ ಬಣ್ಣ ಇಳಿದದ್ದನ್ನು ಗಂಗೂಬಾಯಿ ಕಂಡಳು. ಬಾಗಿಲ ಬಳಿಯ ಚಪ್ಪಲಿ ಸ್ಟ್ಯಾಂಡ್ ಆಕೆಯ ಕಣ್ಣ ಮುಂದೆ ಬಂತು.

"ಪರವಾಲೇದು, ಪರವಾಗಿಲ್ಲ ಅಂಕಲ್," ಎಂದರು ಸೀತಾರಾಮ. "ತುದಿ ತುದಿ ಸ್ವಲ್ಪ ಕತ್ತರಿಸಿದರೆ ಸರಿಹೋಗುತ್ತೆ ಅಲ್ವಾ?"

"ಕತ್ತರಿಸಿದ್ರ ಅದು ಹಡಗು ಅಲ್ರಿ ಸಾರ್," ಎಂದು ಹನುಮಂತ ಚಾದರ ಎತ್ತಿಕೊಂಡ.

ಮನೆಗೆ ಬಂದು ಹಡಗನ್ನು ಮತ್ತೆ ಊಟದ ಮೇಜಿನ ಮೇಲಿಟ್ಟರು. ಆಶಿಷ್ ಟ್ರಂಕು ತೆರೆದು ಇನ್ನೊಂದು ಸ್ಕೇಲು ತಂದು, ಎರಡನ್ನೂ ಪಕ್ಕ ಪಕ್ಕ ಇಟ್ಟ. ಒಂದು ತುದಿ ಕೂಡಿಸಿದರೆ ಇನ್ನೊಂದು ತುದಿ ಕೂಡಲಿಲ್ಲ.

"ಈ ಸ್ಕೇಲು ತಗದು ಕೊಟ್ಟವರು ಯಾರು?" ಎಂದ ಹನುಮಂತ.

"ನಾನು."

"ನೋಡಿ ಕೊಡಬೇಕಿತ್ತು."

ಗಂಗೂಬಾಯಿ ಗಂಡನ ಕಡೆ ತಿರುಗಿದಳು. "ನಾ ಅವತ್ತೇ ಕೇಳೀನಿ! ಉಕ್ಕಿನ ಸ್ಕೇಲ್ ಅಲ್ಲೇನಂತ ಕೇಳೀನಿ. ನಿನ್ನ ಕೆಲಸ ನೋಡು ಅಂದ್ರಿ."

"ಒಂದು ಸಲ ಹೇಳಿ ಬಿಟ್ರ ಹೆಂಗವಾ?" ಎಂದ ಆಶಿಷ್, ಅಳುಮೋರೆ ಮಾಡಿಕೊಂಡು. "ಇನ್ನೊಮ್ಮೆ ಹೇಳಬೇಕಿತ್ತು."

"ಆಶಿಷ್, ನೀ ಬಾಯಿ ಮುಚ್ಚು," ಎಂದಳು ಪ್ರಾಜಕ್ತಾ. ಅತ್ತೆ ಮಾವನ ಎದುರಿಗೆ ಗಂಡನಿಗೆ ಹಾಗೆ ಅಂದದ್ದು ಅದೇ ಮೊದಲು.

ಎರಡು ದಿನ ಹನುಮಂತ ಸರಿಯಾಗಿ ಉಣ್ಣಲಿಲ್ಲ. ಗೋಡೆಗೆ ಮುಖ ಮಾಡಿ ಮಲಗಿದ. ಗಂಗೂಬಾಯಿ ಬ್ಯಾಗು ತುಂಬಿದಳು, ಮತ್ತೆ ಅದರ ಪಕ್ಕ ಕೂತು ಯೋಚಿಸಿದಳು. ಇವರನ್ನು ಹೀಗೆ ಬಿಟ್ಟು ಹೇಗೆ ಹೋಗಲಿ? ಸಿಟ್ಟು ಎಷ್ಟಿತ್ತೋ ಕರುಳೂ ಅಷ್ಟೇ ಎಳೆಯುತ್ತಿತ್ತು. ಫೋನು ಕೈಯಲ್ಲಿ ಹಿಡಿದು, ತಂಗಿಗೆ ಈ ಸಲ ಯಾವ ಸುಳ್ಳು ಹೇಳುವುದೆಂದು ಹುಡುಕಿದ್ದೂ ಉಂಟು.

ಒಂಬತ್ತರ ಬೆಳಿಗ್ಗೆ ಕುಕ್ಕರಿನ ಸದ್ದು ಕೇಳಿ ಎದ್ದು ಹೋದರೆ ಹನುಮಂತ ಅಡಿಗೆಮನೆಯಲ್ಲಿದ್ದ. ಸ್ನಾನ ಮಾಡಿ, ಹಣೆಗೆ ವಿಭೂತಿ ಹಚ್ಚಿಕೊಂಡಿದ್ದ. ಪೈಪಿನಿಂದ ಹಬೆ ಏಳುತ್ತಿತ್ತು.

"ಸಾರ್‌ಗೆ ಫೋನ್ ಮಾಡಿದ್ದೆ," ಎಂದ ಉತ್ಸಾಹದಿಂದ. "ದಸರಾದ ತನಕ ಕಾಯ್ತೀನಿ ಅಂದ್ರು. ಈ ಸಲ ಬರೋಬ್ಬರಿ ಮಾಡೋಣು ಗಂಗೂ. ಇವತ್ತು ಹಡಗಿನ ಬೆನ್ನೆಲುಬು. ಎರಡು ಪಟ್ಟಿ ಬಾಗಿಸಿ ಒಂದರ ಮ್ಯಾಲ ಒಂದು ಅಂಟಿಸಬೇಕು. ಬಾ, ಹಿಡಿ."

ಮೇಜಿನ ಮೇಲೆ ಹಳೆಯ ಹಡಗು. ಎರಡು ಸ್ಟೂಲಿನ ಮೇಲೆ ಅಡ್ಡ ಹಲಗೆ ಹಾಕಿ ಹೊಸದಕ್ಕೆ ಜಾಗ. ನಡುವೆ ಒಬ್ಬರು ಓರೆಯಾಗಿ ಹೋಗುವಷ್ಟೇ ದಾರಿ. ಗಂಗೂಬಾಯಿ ಅದನ್ನೆಲ್ಲ ಒಮ್ಮೆ ನೋಡಿದಳು.

"ಇವತ್ತು ನಂದು ಗಾಡಿ ಐತ್ರಿ."

"ಗಾಡಿ ನಾಳೆನೂ ಐತಿ. ಪಟ್ಟಿ ಆರತೈತಿ, ಬಾ."

ಆಕೆ ಬಾಲ್ಕನಿಗೆ ಹೋದಳು. ಹಗ್ಗದ ಮೇಲೆ ಹನುಮಂತನ ಅಂಗಿ, ಪಂಚೆ, ಬನಿಯನ್ನು ಒಣಗುತ್ತಿದ್ದವು. ಒಂದೊಂದೇ ಕ್ಲಿಪ್ಪು ಕಿತ್ತು ಉಡಿಯಲ್ಲಿ ತುಂಬಿಕೊಂಡಳು. ಪಂಚೆ ಜಾರಿ ನೆಲಕ್ಕೆ ಬಿತ್ತು, ಎತ್ತಲಿಲ್ಲ. ಒಳಗೆ ಬಂದು, ಹನುಮಂತ ಬಾಗಿಸಿ ಹಿಡಿದಿದ್ದ ಪಟ್ಟಿಗೆ ಆ ತುದಿಯಿಂದ ಈ ತುದಿಯವರೆಗೆ ಒತ್ತೊತ್ತಾಗಿ ಕ್ಲಿಪ್ಪು ಕಚ್ಚಿಸಿದಳು.

"ಏ, ಏನ್ ಮಾಡಾಕತ್ತಿ? ಗುರುತು ಬೀಳತಾವು!"

"ಬೀಳ್ಲಿ."

"ಗಂಗೂ!"

"ಉಕ್ಕು ಕುಗ್ಗತೈತಂತ ನೀವು ಮೊದಲೇ ಲೆಕ್ಕ ಹಿಡೀತಿದ್ರಿ. ನನ್ನ ಬಗ್ಗೆನೂ ಹಂಗೇ ಲೆಕ್ಕ ಹಿಡದೀರಿ. ಎಷ್ಟು ಬೇಕಾದ್ರೂ ಕುಗ್ಗತಾಳ, ತಡೀತಾಳ ಅಂತ. ನನ್ನ ಕೈಲೆ ಇನ್ನ ಆಗೂದಿಲ್ರೀ. ನನಗ ಸಾಕಾಗೈತಿ." ಆಕೆ ಉಳಿದ ಕೊನೆಯ ಕ್ಲಿಪ್ಪನ್ನೂ ಕಚ್ಚಿಸಿದಳು. "ಬೇಳಿ ನೆನಸೀನಿ. ಆ ಕುಕ್ಕರಿಗೆ ಸೀಟಿ ಹಾಕಿ ಕುದಿಸಿಕೊಳ್ರಿ."

ಪ್ರಾಜಕ್ತಾ ಆಗಲೇ ಬ್ಯಾಗು ಎತ್ತಿಕೊಂಡು ಚಪ್ಪಲಿ ಸ್ಟ್ಯಾಂಡಿನ ಪಕ್ಕ ನಿಂತಿದ್ದಳು. "ಆಟೋ ಬಂತ್ರಿ ಅತ್ತಿ," ಎಂದಳು.

ಉಮಾಬಾಯಿಯ ಆಪರೇಷನ್ ಸುಸೂತ್ರವಾಗಿ ಆಯಿತು. ಹನ್ನೆರಡರಂದು ಮಧ್ಯಾಹ್ನ ಗಂಗೂಬಾಯಿ ತಂಗಿಯ ಮಂಚದ ಅಂಚಿನಲ್ಲಿ ಕೂತು ಹನಿಯ ಬಾಟಲಿ ಅಲ್ಲಾಡಿಸುತ್ತಿರುವಾಗ ಫೋನು ಬಂತು. ಹನುಮಂತ.

"ಉಂಡ್ರಿ?" ಎಂದು ಕೇಳಿದಳು.

"ಹೂಂ. ಪ್ರಾಜಕ್ತಾ ಅನ್ನ ಸಾರು ಮಾಡಿದ್ದಳು." ಆಮೇಲೆ ತಾನಾಗಿಯೇ ಹೇಳಿದ: "ಕ್ಲಿಪ್ ತಗದೆ."

"ಹೂಂ."

"ಗಟ್ಟಿ ಕೂತೈತಿ."

"ಗುರುತು?"

"ಇಲ್ಲ," ಎಂದ ಹನುಮಂತ. "ಒಂದೂ ಬಿದ್ದಿಲ್ಲ."

ಗೆದ್ದೆ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ. ನಾಲ್ಕು ತಿಂಗಳು ನಿಂತ ಕಾಲು, ಕೊಟ್ಟು ತಪ್ಪಿಸಿದ ಎರಡು ತಾರೀಖು, ಎದುರಿಗೆ ಚಾಚಿಕೊಂಡಿದ್ದ ತಂಗಿಯ ಪಾದದ ಮೇಲಿನ ಸುಟ್ಟ ಕಲೆ, ಎಲ್ಲ ಒಟ್ಟಿಗೇ ಆಕೆಯ ಮೇಲೆ ಬಂದು ಬಿದ್ದವು. ಕಣ್ಣೀರು ಸುರಿಯಿತು.

"ಯಾವಾಗ ಬರ್ತಿ?" ಎಂದು ಕೇಳುತ್ತಿದ್ದ ಹನುಮಂತ.

"ಹದಿನೈದು ದಿನ ಅಂದಿದ್ದೆ. ತಿಂಗಳಾಗತೈತಿ," ಎಂದು ಫೋನು ಇಟ್ಟಳು.

"ಏನಾತಕ್ಕಾ?" ಕಪ್ಪು ಕನ್ನಡಕದೊಳಗಿಂದ ಉಮಾಬಾಯಿ ಕೇಳಿದಳು. "ಅಳಾಕತ್ತೀ ಏನು?"

"ಇಲ್ಲವಾ. ಕನ್ನಡಕ ತಗಿ, ಮ್ಯಾಲ ನೋಡು."

ಗಂಗೂಬಾಯಿ ಮೂಗು ಒರೆಸಿಕೊಂಡು, ಕೈ ತೊಳೆದು ಬಂದು, ಹೆಬ್ಬೆರಳಿನಿಂದ ತಂಗಿಯ ಕೆಳರೆಪ್ಪೆಯನ್ನು ಮೆಲ್ಲಗೆ ಎಳೆದು ಹಿಡಿದಳು. ಹನಿ ಸರಿಯಾಗಿ ಕಣ್ಣಿನೊಳಗೇ ಬಿತ್ತು.

"ನಿನ್ನ ಬೆರಳು ಯಾಕ ಇಷ್ಟು ಬಿರುಸಾಗೈತಿ ಅಕ್ಕಾ?"

"ಹಡಗು ಹಿಡಕೊಂಡು ನಿಂತಿದ್ದೆ," ಎಂದಳು ಗಂಗೂಬಾಯಿ. "ಸುಮ್ಮಸುಮ್ಮನ."